ಸ್ಟಿಕ್ಕರ್ ಕೀಳದ ಲ್ಯಾಪ್‌ಟಾಪ್

ಕೊಟ್ಟೂರಿನ ನಮ್ಮ ಮನೆಯಲ್ಲಿ ಒಳ್ಳೆಯ ಸಾಮಾನು ಎಂದರೆ ಬಳಸದೆ ಇಟ್ಟ ಸಾಮಾನು. ಹಿರೇಹಡಗಲಿಯಿಂದ ಸೊಸೆಯಾಗಿ ಬಂದ ಹೊಸತರಲ್ಲಿ ನನಗಿದು ಗೊತ್ತಿರಲಿಲ್ಲ. ಮಾವನವರದು ಬಜಾರಿನಲ್ಲಿ ಪಾತ್ರೆ ಅಂಗಡಿ, ಅದರ ಬೆನ್ನಿಗೇ ಮನೆ. ಅಂಗಡಿ ತುಂಬ ಥಳಥಳಿಸುವ ಸ್ಟೀಲು, ಹಿತ್ತಾಳೆ. ಒಳಗೆ ನಾವು ನೀರು ಕುಡಿಯುತ್ತಿದ್ದದ್ದು ಮಾತ್ರ ಸೊಟ್ಟಗಾದ ಲೋಟಗಳಲ್ಲಿ. ಒಮ್ಮೆ ಒಂದು ಹೊಸ ತಟ್ಟೆಯ ಸ್ಟಿಕ್ಕರ್ ಕಿತ್ತು ಗಂಡನಿಗೆ ಊಟ ಬಡಿಸಿದೆ. ಅತ್ತೆ ಓಡಿ ಬಂದು ಬಾಯಿಯ ಮೇಲೆ ಕೈ ಇಟ್ಟುಕೊಂಡರು.

"ಅಯ್ಯ ಶಿವನ! ಹೊಸಾ ತಾಟು ಯಾಕ ಕೆಡಿಸಿದೆಬೇ?"

ಊಟ ಮಾಡಿದರೆ ತಟ್ಟೆ ಕೆಡುತ್ತದಂತೆ. ಹಾಗಾದರೆ ತಟ್ಟೆಯನ್ನು ಮಾಡಿದ್ದಾದರೂ ಯಾತಕ್ಕೆ ಎಂದು ಕೇಳಬೇಕೆನಿಸಿತು. ಹೊಸ ಸೊಸೆ, ಕೇಳಲಿಲ್ಲ.

ಮದುವೆಗೆ ಮುಂಚೆ ನಾನು ಹರಪನಹಳ್ಳಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕಂಪ್ಯೂಟರ್ ಕಲಿತವಳು. ಅಂಗಡಿಯ ಲೆಕ್ಕಕ್ಕೆಂದು ಗಂಡ ಒಂದು ಹಳೆಯ ಕಂಪ್ಯೂಟರ್ ತಂದು, ಎರಡೇ ವಾರಕ್ಕೆ ಬೇಸತ್ತು ಕೈಬಿಟ್ಟಿದ್ದರು. ಅದನ್ನು ನಾನು ಪಡಸಾಲೆಯ ಮೂಲೆಗೆ ಎಳೆದುಕೊಂಡು ಲಗ್ನಪತ್ರಿಕೆ ಮಾಡಲು ಶುರು ಮಾಡಿದೆ. ಪಾತ್ರೆ ಕೊಳ್ಳಲು ಬರುವವರ ಮನೆಯಲ್ಲಿ ಮದುವೆ ಇದ್ದೇ ಇರುತ್ತದಲ್ಲ. ಕೊಡ, ಪರಾತ ಆರಿಸುವ ಹೊತ್ತಿಗೆ ಪತ್ರಿಕೆಯೂ ಇಲ್ಲೇ ಆಗುತ್ತದೆಂದು ಗೊತ್ತಾದರೆ ಒಳಗೆ ಬರುತ್ತಿದ್ದರು. ಮದುವೆ, ತೊಟ್ಟಿಲು, ಗೃಹಪ್ರವೇಶ, ತೀರಿಕೊಂಡವರ ಶಿವಗಣಾರಾಧನೆ, ಎಲ್ಲಕ್ಕೂ ನಾನೇ ಅಕ್ಷರ ಜೋಡಿಸಿ, ಸಿ.ಡಿ.ಗೆ ಹಾಕಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹಗರಿಬೊಮ್ಮನಹಳ್ಳಿಯ ಪ್ರೆಸ್ಸಿಗೆ ಕಳಿಸುತ್ತಿದ್ದೆ. ಸಂಜೆಯ ಬಸ್ಸಿಗೆ ಕಾರ್ಡಿನ ಕಟ್ಟು ಬರುತ್ತಿತ್ತು.

ಹೊತ್ತು ಹೋಗದೆ ಮಾಡಿದ ಕೆಲಸವಲ್ಲ ಅದು. ಆ ಮನೆಯಲ್ಲಿ ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದ ಒಂದೇ ಜಾಗ ಆ ಮೂಲೆ. "ಪತ್ರಿಕಿ ಮಾಡೋ ಅಕ್ಕಾರು ಅದಾರೇನ್ರಿ?" ಎಂದು ಯಾರಾದರೂ ಅಂಗಡಿಯಲ್ಲಿ ಕೇಳಿದರೆ ನನಗೆ ಒಳಗಿಂದಲೇ ಎದೆ ಉಬ್ಬುತ್ತಿತ್ತು. ಅದು ಹೋದರೆ ನಾನು ಮೂರು ಹೊತ್ತು ರೊಟ್ಟಿ ಬಡಿಯುವವಳು, ಮುಗಿಯಿತು. ಬಂದ ದುಡ್ಡನ್ನೆಲ್ಲ ಮಾವನವರ ಕೈಗೇ ಕೊಡುತ್ತಿದ್ದೆ. ಅದು ಮನೆಯ ಪದ್ಧತಿ.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ಕರೆಂಟಿನ ಕಾಟ ಹೇಳತೀರದು. ಪತ್ರಿಕೆ ಅರ್ಧ ಆಗಿರುತ್ತದೆ, ಯು.ಪಿ.ಎಸ್. ಕುಯ್ ಎನ್ನುತ್ತದೆ, ನಾನು ಉಳಿಸುವಷ್ಟರಲ್ಲಿ ಎಲ್ಲ ಕಪ್ಪು. ವರನ ಹೆಸರು, ವಧುವಿನ ಹೆಸರು, ಮುಹೂರ್ತ, ಮತ್ತೆ ಮೊದಲಿನಿಂದ. ಕೊನೆಗೊಂದು ದಿನ ಮಾನಿಟರಿನೊಳಗೆ ಚಟ್ ಎಂದು, ಸುಟ್ಟ ವಾಸನೆ ಬಂದು, ಹೊಗೆಯೇ ಎದ್ದಿತು. ನಾನು ಮಾವನವರ ಮುಂದೆ ನಿಂತು ಹೇಳಿದೆ: ನನಗೊಂದು ಲ್ಯಾಪ್‌ಟಾಪ್ ಬೇಕು, ಕರೆಂಟ್ ಹೋದರೂ ನಾಲ್ಕು ತಾಸು ನಡೆಯುವಂಥದ್ದು. ಮದುವೆ ಸುಗ್ಗಿ ಮುಂದಿತ್ತು, ನನ್ನ ಮಾತಿಗೆ ಅವರು ತಲೆಯಾಡಿಸಿದರು.

ದಾವಣಗೆರೆಗೆ ಹೋದದ್ದು ಮೂವರು, ಮಾವ, ಗಂಡ, ನಾನು. ಅಲ್ಲಿಯ ಕಂಪ್ಯೂಟರ್ ಅಂಗಡಿಯ ಮಾರಾಟದವನು ಕುತ್ತಿಗೆಗೆ ಟೈ ಕಟ್ಟಿದ್ದ. ಗಾಜಿನ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ಇಟ್ಟ. ಒಂದು ಸಾದಾ, ಅಗ್ಗದ್ದು. ಇನ್ನೊಂದು ಅದರ ಎರಡರಷ್ಟಕ್ಕಿಂತ ಹೆಚ್ಚು ಬೆಲೆಯದು. ಅಗ್ಗದ್ದು ಮಿರಿಮಿರಿ ಮಿಂಚುತ್ತಿತ್ತು, ಮದುಮಗನ ಬೂಟಿನಂತೆ. ಆದರೆ ಕೀಲಿಗಳನ್ನು ಒತ್ತಿ ನೋಡಿದರೆ ನಡುವೆ ಕುಣಿಯುತ್ತಿದ್ದವು, ಪರದೆ ಅತ್ತಿತ್ತ ಅಲ್ಲಾಡುತ್ತಿತ್ತು. ದುಬಾರಿಯದು ಕಪ್ಪಗೆ, ತೆಳ್ಳಗೆ, ಸುಮ್ಮನೆ ಕೂತಿತ್ತು. ಕೀಲಿಯ ಮೇಲೆ ಬೆರಳಿಟ್ಟ ಕೂಡಲೇ ಇದೇ ನನ್ನದು ಅನಿಸಿತು.

"ಬ್ಯಾಟರಿ ಎಷ್ಟು ಹೊತ್ತು ಬರುತ್ತೆ?" ಎಂದು ಮಾರಾಟದವನನ್ನು ಕೇಳಿದೆ.

ಅವನು ಅಗ್ಗದ್ದರ ಮೇಲೆ ಕೈಯಿಟ್ಟು, ನನ್ನ ಗಂಡನ ಮುಖ ನೋಡಿ ಉತ್ತರ ಕೊಟ್ಟ. "ಸರ್, ಇದು ಒಂದು ಗಂಟೆ ಬರುತ್ತೆ. ಅದು ನಾಲ್ಕೈದು ಗಂಟೆ. ಆದ್ರೆ ಮೇಡಂಗೆ ಇಷ್ಟೇ ಸಾಕು ಬಿಡಿ ಸರ್, ಲೈಟಾಗಿ ಟೈಪಿಂಗ್ ಅಷ್ಟೇ ಅಲ್ವಾ?"

ಲೈಟಾಗಿ ಟೈಪಿಂಗ್! ಇವನ ಟೈ ಹಿಡಿದು ಕೊಟ್ಟೂರಿಗೆ ಎಳೆದೊಯ್ದು, ಮೂರು ಮದುವೆಯ ಪತ್ರಿಕೆ ಒಂದೇ ದಿನ ಮಾಡಿಸಬೇಕೆನಿಸಿತು. ಕೇಳಿದವಳು ನಾನು, ಕೆಲಸ ಮಾಡುವವಳು ನಾನು, ದುಡ್ಡು ದುಡಿದವಳು ನಾನು. ಉತ್ತರ ಮಾತ್ರ ನನ್ನ ಗಂಡನಿಗೆ. ಕೀಬೋರ್ಡಿನಲ್ಲಿ ಅ ಎಲ್ಲಿದೆ ಎಂಬುದು ಸಹ ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಆದರೂ ಗಂಭೀರವಾಗಿ ತಲೆ ಅಲ್ಲಾಡಿಸಿದರು.

ಅಷ್ಟರಲ್ಲಿ ಮಾವನವರು ಎರಡನ್ನೂ ಎರಡು ಅಂಗೈ ಮೇಲೆ ಎತ್ತಿಕೊಂಡು ತೂಗಿ ನೋಡುತ್ತಿದ್ದರು. ಕೈಯೇ ಅವರ ತಕ್ಕಡಿ. ಕಣ್ಣು ಮುಚ್ಚಿ ಹಿತ್ತಾಳೆ ಕೊಡದ ತೂಕ ಹೇಳುವವರು.

"ಇದರಾಗ ಸಾಮಾನು ಜಾಸ್ತಿ ಐತಿ ನೋಡ್ರಿ," ಎಂದರು ಅಗ್ಗದ್ದನ್ನು ಎತ್ತಿ. "ಅದು ಟೊಳ್ಳ. ತೂಕ ಕಮ್ಮಿ, ರೇಟ್ ಮಾತ್ರ ಡಬಲ್. ಇದ್ಯಾವ ಸೀಮಿ ವ್ಯಾಪಾರಪಾ?"

"ಮಾವಾರ, ಇದು ಹಿತ್ತಾಳಿ ಕೊಡ ಅಲ್ರಿ," ಎಂದೆ. "ಬ್ಯಾಟರಿ ನೋಡ್ರಿ. ಕರೆಂಟ್ ಹೋದಾಗ ಒಂದು ತಾಸಿನಾಗ ನಾ ಏನ್ ಮಾಡ್ಲಿ? ಮಂದಿ ಬಂದು ಕುಂತಿರ್ತಾರ."

"ನೀ ಸುಮ್ಮನಿರು, ಅಪ್ಪ ನೋಡಾಕತ್ಯಾರಲ್ಲ," ಎಂದರು ನನ್ನ ಗಂಡ. ಕೋಳಿ ಕೇಳಿ ಖಾರ ಅರೀತಾರೇನು ಅನ್ನುತ್ತಾರಲ್ಲ, ಆ ಗಾಜಿನ ಮೇಜಿನ ಮುಂದೆ ನಾನು ಆ ಕೋಳಿಯಾಗಿದ್ದೆ.

ಅಗ್ಗದ್ದೇ ಗಟ್ಟಿ ಎಂದುಕೊಂಡು ನಾನು ಕೈಚೆಲ್ಲಿದ್ದೆ. ಆಗ ಮಾವನವರು ಒಂದು ಪ್ರಶ್ನೆ ಕೇಳಿದರು. "ನಮ್ಮ ಕೊಟ್ಟೂರಾಗ ಇದು ಯಾರತ್ರ ಐತಿ?"

"ದುಬಾರಿದಾ ಸರ್? ನಿಮ್ಮ ಕಡೆ ಯಾರೂ ಒಯ್ದಿಲ್ಲ. ದೊಡ್ಡ ದೊಡ್ಡ ಡಾಕ್ಟರ್‌ಗಳು ಒಯ್ತಾರೆ."

ಮಾವನವರ ಮುಖದ ಬಣ್ಣವೇ ಬದಲಾಯಿತು. ತೂಕ ಮರೆತುಹೋಯಿತು, ರೇಟೂ ಮರೆತುಹೋಯಿತು. "ಕಟ್ರಿ ಅದನ್ನ," ಎಂದರು.

ಇರಲಿ, ಯಾವ ಕಾರಣಕ್ಕಾದರೂ ಆಗಲಿ, ನನಗೆ ಬೇಕಾದದ್ದು ಸಿಕ್ಕಿತಲ್ಲ ಎಂದು ನಾನು ಬಸ್ಸಿನಲ್ಲಿ ಹಿಗ್ಗಿಕೊಂಡು ಕೂತೆ. ಡಬ್ಬಿ ಮಾವನವರ ತೊಡೆಯ ಮೇಲಿತ್ತು. ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಚಹಾಕ್ಕೆ ಇಳಿದಾಗಲೂ ಅದನ್ನು ನನ್ನ ಕೈಗೆ ಕೊಡಲಿಲ್ಲ. ಗುರುತಿನವರು ಸಿಕ್ಕಿ "ಏನ್ರಿ ಅದು?" ಎಂದು ಕೇಳಿದರೆ ಸಾಕು, ಡಾಕ್ಟರುಗಳ ಕಥೆ ಶುರುವಾಗುತ್ತಿತ್ತು.

ಮನೆಗೆ ಬಂದ ದಿನ ಅಮಾವಾಸ್ಯೆಗೆ ಹತ್ತಿರ, ಹಾಗಾಗಿ ತೆರೆಯಬಾರದು. ಆಮೇಲೆ ಸೋಮವಾರ ಬರಲಿ ಎಂದರು. ಸೋಮವಾರ ಪೂಜೆ ಮಾಡಿ, ವಿಭೂತಿ ಹಚ್ಚಿ, ಬಂದವರಿಗೆಲ್ಲ ಸಕ್ಕರೆ ಹಂಚಿದರು. ಒಂದು ಗಳಿಗೆ ತೆರೆದು, ಪರದೆ ಬೆಳಗಿದ್ದನ್ನು ನೋಡಿ ಎಲ್ಲರೂ ಕೈ ಮುಗಿದರು. ನಾನು ಕುರ್ಚಿ ಎಳೆದುಕೊಂಡು ಕೂರಬೇಕೆನ್ನುವಷ್ಟರಲ್ಲಿ ಅತ್ತೆ ಅದನ್ನು ಮುಚ್ಚಿ, ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ, ಅಲ್ಮಾರಿಯಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಸೊಂಟಕ್ಕೆ ಹೋಯಿತು.

"ಅತ್ತಿ, ಅದು ಕೆಲಸಕ್ಕ ತಂದದ್ದು!"

"ಅಷ್ಟು ದುಬಾರಿದು, ದಿನಾ ತಗದ್ರ ಕೆಡ್ತೈತಿ. ನಿನಗ ಹಳೇದು ರಿಪೇರಿ ಮಾಡಿಸಿ ಕೊಡ್ತಾರಂತ."

ಮಾಡಿಸಿಯೂ ಕೊಟ್ಟರು! ಯಾರೋ ಬಿಸಾಡಿದ್ದ ಮಾನಿಟರು ತಂದು ಹಚ್ಚಿದರು. ಅದರಲ್ಲಿ ಎಲ್ಲವೂ ಹಳದಿ ಹಳದಿ, ಕಾಮಾಲೆ ಹಿಡಿದಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಇಲ್ಲಿ ಪೂಜಾರಿ ಬೀಗವನ್ನೇ ಹಾಕಿಬಿಟ್ಟಿದ್ದ.

ಎಷ್ಟು ಹೇಳಿದೆನೋ! ಮುಟ್ಟದೆ ಇಟ್ಟರೆ ಬ್ಯಾಟರಿ ಸಾಯುತ್ತದೆ ಎಂದೆ. ಅದರ ಬೆಲೆ ವರ್ಷ ವರ್ಷ ಇಳಿಯುತ್ತದೆ, ಹಿತ್ತಾಳೆಯಂತೆ ಏರುವುದಿಲ್ಲ ಎಂದೆ. ಗಂಡನಿಗೆ ಹೇಳಿದರೆ, "ಒಂದಿಷ್ಟು ದಿನ ತಡಿ ಲೇ, ಅಪ್ಪಗ ಖುಷಿ ಐತಿ" ಎನ್ನುವರು.

"ನಿಮ್ಮಪ್ಪನ ಖುಷಿಲಿಂದ ನನ್ನ ಕಂಪ್ಯೂಟರ್ ನಡೀತದೇನ್ರಿ?" ಎಂದು ಕೇಳಿದೆ. ಅವರು ಅಂಗಡಿಗೆ ಎದ್ದು ಹೋದರು. ಆ ಮನುಷ್ಯನಿಗೆ ಜಗಳ ಬಂದಾಗೆಲ್ಲ ಅಂಗಡಿಗೆ ಗಿರಾಕಿ ಬರುತ್ತಿದ್ದರು.

ಊರಿಗೆ ಹೊಸಬರು ಬಂದರೆ, ಬೀಗರು ಬಂದರೆ, ಅಲ್ಮಾರಿ ತೆರೆಯುತ್ತಿತ್ತು. ರೇಷ್ಮೆ ಬಿಚ್ಚಿ ತೋರಿಸುವರು. "ಸೊಸಿಗೆ ತಂದೀವ್ರಿ," ಎನ್ನುವರು ಮಾವ. ಬಂದವರು ನನ್ನ ಕಡೆ ನೋಡಿ "ಪುಣ್ಯ ಮಾಡಿದ್ದಿ ಬಿಡವ್ವ" ಎನ್ನುವರು. ನಾನು ಅವರಿಗೆ ಚಹಾ ಕೊಟ್ಟು, ಹಳದಿ ಪರದೆಯ ಮುಂದೆ ಹೋಗಿ ಕೂರುತ್ತಿದ್ದೆ. ಆಗ ನನಗೆ ಬರುತ್ತಿದ್ದ ಸಿಟ್ಟನ್ನು ಒಲೆಗೆ ಹಾಕಿದ್ದರೆ ಎರಡು ದಿನದ ರೊಟ್ಟಿ ಬೇಯುತ್ತಿದ್ದವು. ಆ ಮಿಂಚುವ ಅಗ್ಗದ ಡಬ್ಬಿಯನ್ನೇ ತಂದಿದ್ದರೆ ಅದನ್ನು ನನ್ನ ಪಾಲಿಗೆ ಬಿಡುತ್ತಿದ್ದರು! ಕುಣಿಯುವ ಕೀಲಿಯಾದರೇನು, ಒಂದು ತಾಸಿನ ಬ್ಯಾಟರಿಯಾದರೇನು, ಮೂಲೆಯ ಮೇಜಿನ ಮೇಲೆ ಇರುತ್ತಿತ್ತು. ನಾನು ಆರಿಸಿದ್ದು ತಪ್ಪಲ್ಲ, ಈಗಲೂ ಹೇಳುತ್ತೇನೆ. ಒಳ್ಳೆಯದನ್ನು ಆರಿಸಿದವಳಿಗೇ ಅದು ಸಿಗದಂತೆ ಮಾಡುವ ಮನೆಗೆ ಏನೆನ್ನಬೇಕು?

ಮದುವೆ ಸುಗ್ಗಿಯಲ್ಲಿ ಮಾಗಳದಿಂದ ಒಬ್ಬ ಹಿರಿಯರು ಬಂದರು. ಮಗಳ ಲಗ್ನ, ಅಂದೇ ಪತ್ರಿಕೆ ಆಗಿ ಸಂಜೆಗೆ ಕಾರ್ಡು ಕೈಗೆ ಬೇಕು. ವರನ ಕಡೆಯವರ ಹೆಸರು ಟೈಪು ಮಾಡುತ್ತಿರುವಾಗ ಕರೆಂಟ್ ಹೋಯಿತು. ಯು.ಪಿ.ಎಸ್. ಕೂಗಿ ಸತ್ತಿತು. ಅತ್ತೆ ತೊಟ್ಟಿಲು ಕಾರ್ಯಕ್ಕೆಂದು ಹಗರಿಬೊಮ್ಮನಹಳ್ಳಿಗೆ ಹೋಗಿದ್ದರು, ಬೀಗದ ಕೈ ಅವರ ಸೊಂಟದಲ್ಲಿ. ಅಲ್ಮಾರಿ ನನ್ನ ಬೆನ್ನ ಹಿಂದೆಯೇ ಇತ್ತು. ಕೈ ಚಾಚಿದರೆ ಮುಟ್ಟಬಹುದಿತ್ತು. ಆ ಹಿರಿಯರು ಕಟ್ಟೆಯ ಮೇಲೆ ಕೂತರು, ಎದ್ದರು, ಬಜಾರಿನ ತುದಿಯವರೆಗೆ ಹೋಗಿ ಬಂದರು.

"ಯವ್ವಾ, ಬ್ಯಾಸರ ಮಾಡ್ಕೋಬ್ಯಾಡ," ಎಂದರು ಕೊನೆಗೆ. "ನಾ ಸೀದಾ ಪ್ರೆಸ್ಸಿಗೇ ಹೋಗ್ತೀನಿ. ಅಲ್ಲೇ ಟೈಪ್ ಮಾಡ್ತಾರಂತ, ಅವ್ರ ಹತ್ರ ಜನರೇಟರ್ ಐತಂತ."

ಬರೆದು ತಂದ ಹಾಳೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರ ಹಿಂದೆ ಇನ್ನಿಬ್ಬರು ಹೋದರು, ಅವರ ಹಿಂದೆ ಊರೇ ಹೋಗತೊಡಗಿತು. "ಪತ್ರಿಕಿ ಮಾಡೋ ಅಕ್ಕಾರು" ಎಂದು ಕೇಳುವವರು ಕಡಿಮೆಯಾದರು. ಆ ಹಿರಿಯರು ಹೋದ ದಿನ ಸಂಜೆ ಅತ್ತೆ ಬಂದಾಗ ನಾನು ಅಲ್ಮಾರಿಗೆ ಬೆನ್ನು ಕೊಟ್ಟು ಕೂತು ಜೋರಾಗಿ ಅತ್ತುಬಿಟ್ಟಿದ್ದೆ. ಹೊಟ್ಟೆಯ ಸಿಟ್ಟೆಲ್ಲ ಕಣ್ಣಲ್ಲಿ ಬಂತು. ಅವರು ಬೀಗದ ಕೈ ಮುಟ್ಟಿ ನೋಡಿಕೊಂಡು ಅಡುಗೆಮನೆಗೆ ಹೋದರು.

ಆ ವರ್ಷವೇ ನಾದಿನಿಯ ಮದುವೆ ಗೊತ್ತಾಯಿತು. ವರ ಹಡಗಲಿಯ ಕಾಲೇಜಿನಲ್ಲಿ ಮೇಷ್ಟರು. ಒಂದು ದಿನ ಊಟಕ್ಕೆ ಕೂತಾಗ ಮಾವನವರು ರೊಟ್ಟಿ ಮುರಿಯುತ್ತ ಹೇಳಿದರು:

"ಅಳಿಯಂದ್ರಿಗೆ ಆ ಲ್ಯಾಪ್‌ಟಾಪ್ ಕೊಟ್ಟುಬಿಡಾಣ. ಹೊಸದು ಹೊಸದಾಗೇ ಐತಿ, ಸ್ಟಿಕ್ಕರ್ ಸೈತ ಕಿತ್ತಿಲ್ಲ."

"ಮಾವಾರ, ಅದು ನಂದು," ಎಂದೆ.

"ನೀ ಎಲ್ಲಿ ಅದನ್ನ ಬಳಸಾಕತ್ತಿ? ಇಟ್ಟಲ್ಲೇ ಐತಲ್ಲ," ಎಂದರು. ಸಿಟ್ಟಿನಿಂದಲ್ಲ, ಕೊಂಕಿನಿಂದಲ್ಲ, ನ್ಯಾಯ ಹೇಳುವವರ ಹಾಗೆ. ನಾನು ಬಳಸದಂತೆ ಬೀಗ ಹಾಕಿದವರೇ, ಬಳಸಲಿಲ್ಲವೆಂದು ಕಿತ್ತುಕೊಳ್ಳುವುದು! ಗಂಡನ ಮುಖ ನೋಡಿದೆ. "ನಿನಗ ಇನ್ನೊಂದು ತರಾಣಂತ. ಸಾದಾದ್ದು," ಎಂದರು ತಟ್ಟೆ ನೋಡುತ್ತ. ಆ ತಟ್ಟೆಯನ್ನು ಎತ್ತಿ ಅಂಗಳಕ್ಕೆ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಕೈ ತೊಳೆದು ಎದ್ದೆ.

ಮದುವೆಗೆ ವಾರವಿರುವಾಗ ಕೊಡುವ ಪಾತ್ರೆಗಳನ್ನೆಲ್ಲ ಅಂಗಳದಲ್ಲಿ ಜಮಖಾನ ಹಾಸಿ ಸಾಲಾಗಿ ಇಟ್ಟರು. ಪಾತ್ರೆಗೆ ಹೆಸರು ಹಾಕದೆ ನಮ್ಮಲ್ಲಿ ಯಾವ ಹೆಣ್ಣೂ ಗಂಡನ ಮನೆಗೆ ಹೋಗುವುದಿಲ್ಲ. ಇಲ್ಲದಿದ್ದರೆ ನಾಳೆ ಯಾರ ಕೊಡ ಯಾರದೋ ಆಗುತ್ತದೆ. ಹೆಸರು ಕೊರೆಯುವುದು ಪೆನ್ನಿನಂಥ ಒಂದು ಮಷೀನು, ಕರೆಂಟ್ ಕೊಟ್ಟರೆ ಝರ್ರೆಂದು ನಡುಗುತ್ತದೆ. ನನ್ನ ಅಕ್ಷರ ದುಂಡಗೆಂದು ಆ ಕೆಲಸ ನನಗೇ ಹೇಳಿದರು. ಆವತ್ತು ಕರೆಂಟ್ ಇತ್ತು ನೋಡಿ! ನನ್ನ ಕೆಲಸವಿದ್ದಾಗ ಇರದ ಕರೆಂಟ್, ಅವರ ಕೆಲಸಕ್ಕೆ ಗಟ್ಟಿಯಾಗಿ ಇತ್ತು.

ಬೀಗರ ಕಡೆಯ ಹೆಂಗಸರು ನೋಡಲು ಬಂದು ಕೂತಿದ್ದರು. ಕೊಡ, ಪರಾತ, ಡಬರಿ, ಒಂದೊಂದಕ್ಕೂ ನಾದಿನಿಯ ಹೆಸರು ಹಾಕಿದೆ. ಕೊನೆಗೆ ಮಾವನವರು ರೇಷ್ಮೆ ಬಿಚ್ಚಿ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟರು.

"ಇದಕ್ಕೂ ಹಾಕವ್ವ. ಅಳಿಯಂದ್ರ ಹೆಸರು, ಮ್ಯಾಲ ದೊಡ್ಡದಾಗಿ, ನಾಕು ಮಂದಿಗೆ ಕಾಣಂಗ."

ಲ್ಯಾಪ್‌ಟಾಪಿಗೆ ಹೆಸರು ಕೊರೆಸುವ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬನಿದ್ದಾನೋ ಇಲ್ಲವೋ. ಅವರಿಗೆ ಅದು ಒಂದು ದುಬಾರಿ ಪಾತ್ರೆ, ಅಷ್ಟೇ.

"ಮುಚ್ಚಳದ ಮ್ಯಾಲ ಕೊರದ್ರ ಒಳಗಿನ ಪರದಿ ಒಡೀತೈತ್ರಿ," ಎಂದೆ.

"ಹಂಗಾರ ಒಳಗ ಎಲ್ಲೆರ ಹಾಕು."

ತೆರೆದೆ. ಟೈಪು ಮಾಡುವಾಗ ಅಂಗೈ ಊರುವ ಜಾಗದಲ್ಲಿ ಸ್ಟಿಕ್ಕರ್ ಹಾಗೇ ಇತ್ತು. ಅದರ ತುದಿಗೆ ಉಗುರು ಹಾಕಿ ಪರ್ರನೆ ಕಿತ್ತೆ. ಅತ್ತೆ ಹಾ ಎಂದರು. ಮಷೀನು ಒತ್ತಿ ಹಿಡಿದು ಕೊರೆದೆ, ನನ್ನ ಹೆಸರು. ಇಂಥವರ ಮಗಳು, ಇಂಥವರ ಸೊಸೆ, ಏನೂ ಇಲ್ಲ. ಬರೀ ನನ್ನ ಹೆಸರು. ಪುಡಿಯನ್ನು ಬಾಯಿಯಿಂದ ಉಫ್ ಎಂದು ಊದಿ, ಮಾವನವರ ಕಡೆ ತಿರುಗಿಸಿಟ್ಟೆ.

ಅವರು ಕನ್ನಡಕ ಏರಿಸಿ ಓದಿದರು, ಮತ್ತೆ ಓದಿದರು. "ಏನ್ ಮಾಡಿದೆಬೇ?"

"ಹೆಸರು ಹಾಕಿದೆ."

"ಅಯ್ಯಯ್ಯೋ, ಬಂಗಾರದಂಥದ್ದು ಕೆಡಿಸಿಬಿಟ್ಲು!" ಎಂದು ಅತ್ತೆ ಬಾಯಿ ಬಡಿದುಕೊಂಡರು.

"ಹೌದ್ರಿ, ಕೆಡಿಸೀನಿ," ಎಂದೆ. "ಇನ್ನ ಬಳಸಬೋದಲ್ಲ."

ಬೀಗರ ಕಡೆಯ ಒಬ್ಬ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಗಂಡ ಒಳಗೆ ಕರೆದು, "ಮಂದಿ ಮುಂದ ಮಾನ ಕಳದೆಲ್ಲ ಲೇ, ಬಾಯಿಬಿಟ್ಟು ಕೇಳಿದ್ರ ಕೊಡ್ತಿದ್ದಿಲ್ಲೇನು?" ಎಂದರು. ಕೇಳಿದ್ರ! ವರ್ಷದುದ್ದಕ್ಕೂ ನಾನು ಆಡಿದ್ದೇನು, ಹಾಡೇ? ಆವತ್ತು ಅವರಿಗೆ ನಾನು ಅಂದದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಆ ಸಲ ಅವರಿಗೆ ಅಂಗಡಿಯಲ್ಲಿ ಯಾವ ಗಿರಾಕಿಯೂ ಸಿಗಲಿಲ್ಲ, ನಿಂತು ಪೂರಾ ಕೇಳಿಸಿಕೊಂಡರು.

ಬೇರೆಯವರ ಹೆಸರಿದ್ದ ಸಾಮಾನನ್ನು ಅಳಿಯನಿಗೆ ಹೇಗೆ ಕೊಡುತ್ತಾರೆ? ಮಾವನವರು ಮರುದಿನವೇ ದಾವಣಗೆರೆಗೆ ಹೋಗಿ ಆ ಅಗ್ಗದ, ಮಿಂಚುವ, ಭಾರದ್ದನ್ನೇ ತಂದರು. ಅಳಿಯ ಅದನ್ನು ಮದುವೆಯಾದ ಮರುದಿನವೇ ತೆರೆದು ಬಳಸತೊಡಗಿದ. ಅವನಿಗೆ ಯಾರೂ ಅಮಾವಾಸ್ಯೆ ಹೇಳಲಿಲ್ಲ.

ನನ್ನದರ ಬ್ಯಾಟರಿ, ಹೇಳಿದ್ದೆನಲ್ಲ, ಸೊರಗಿಹೋಗಿತ್ತು. ಹೊಸದು ತರಿಸಿ ಹಾಕಿದೆ. ಕರೆಂಟ್ ಹೋದರೂ ನನ್ನ ಮೂಲೆಯಲ್ಲಿ ಬೆಳಕಿರುತ್ತದೆಂದು ಬಜಾರಿನಲ್ಲಿ ಸುದ್ದಿಯಾಯಿತು. ಹೋದ ಜನ ಎಲ್ಲರೂ ಅಲ್ಲದಿದ್ದರೂ ಅರ್ಧಕ್ಕರ್ಧ ವಾಪಸ್ ಬಂದರು. ಮಾವನವರು ಬಹಳ ದಿನ ನನ್ನೊಡನೆ ಮಾತು ಬಿಟ್ಟರು. ನಾನೂ ಬಿಟ್ಟೆ. ದುಡಿದ ದುಡ್ಡನ್ನು ಅವರ ಕೈಗೆ ಕೊಡುವುದನ್ನೂ ಬಿಟ್ಟೆ. ಅದನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಕೆಲವು ವರ್ಷಗಳ ಮೇಲೆ, ಕೂಡ್ಲಿಗಿ ಕಡೆಯವರೊಬ್ಬರು ಮೊಮ್ಮಗನ ತೊಟ್ಟಿಲಿನ ಪತ್ರಿಕೆಗೆಂದು ನನ್ನ ಎದುರು ಕೂತಿದ್ದರು. ಕೀಲಿಗಳ ಕೆಳಗಿದ್ದ ಹೆಸರನ್ನು ಬಗ್ಗಿ ಓದಿ, "ಇದೇನ್ರಿ, ಪಾತ್ರಿ ಮ್ಯಾಲ ಹಾಕಿದಂಗ ಹಾಕ್ಯಾರಲ್ಲ?" ಎಂದರು.

ನಾನು ಬಾಯಿ ತೆರೆಯುವ ಮುಂಚೆಯೇ ಬಾಗಿಲಲ್ಲಿ ನಿಂತಿದ್ದ ಮಾವನವರು ನಕ್ಕರು. "ನಾನೇ ಕೊಡಿಸಿದ್ರಿ ಸೊಸಿಗೆ. ಎಲ್ಲಾಕಿಂತ ದುಬಾರಿದು. ಮತ್ಯಾರೂ ಮುಟ್ಟಬಾರ್ದು ಅಂತ ಹೆಸರು ಸೈತ ಹಾಕಿಸಿ ಕೊಟ್ಟೀನಿ ನೋಡ್ರಿ."

ಸುಳ್ಳು ಹೇಳುತ್ತಿರಲಿಲ್ಲ ಅವರು. ಹಾಗೇ ನಡೆದದ್ದೆಂದು ಪೂರಾ ನಂಬಿಬಿಟ್ಟಿದ್ದರು. ನನ್ನ ಮೈ ಕಾಲಿನಿಂದ ತಲೆಯವರೆಗೆ ಉರಿದುಹೋಯಿತು. ಎರಡೂ ಅಂಗೈಗಳನ್ನು ಆ ಹೆಸರಿನ ಮೇಲೆ ಊರಿ, ಮಾವನವರಿಗೆ ಕಾಣದಂತೆ ಮುಚ್ಚಿ, ಪತ್ರಿಕೆ ಟೈಪು ಮಾಡತೊಡಗಿದೆ.